ವಿಲ್‌ನಲ್ಲಿ ಬರೆಯದ ಇಲಿಗಳು

ತಾತನಿಂದ ಹೊಲ ಬಂದರೆ ಜೊತೆಗೆ ಬೇಲಿ ಜಗಳ ಬರುತ್ತದೆ, ಮನೆ ಬಂದರೆ ಸೋರುವ ಮಾಡು ಬರುತ್ತದೆ, ವಿಮಾನ ಬಂದರೆ ಇಲಿ ಬರುತ್ತದೆ. ವಿಲ್‌ನಲ್ಲಿ ‘ಪೈಪರ್ ಜೆ-3 ಕಬ್, ಹಳದಿ ಬಣ್ಣ, ಎರಡು ಸೀಟು’ ಅಂತಷ್ಟೇ ಇರುತ್ತದೆ. ಎಡ ರೆಕ್ಕೆಯೊಳಗೆ ಬಾಣಂತನ ಮುಗಿಸಿಕೊಂಡು ಕೂತಿರುವ ಸಂಸಾರದ ಹೆಸರು ಅದರಲ್ಲಿ ಇರುವುದಿಲ್ಲ. ಗೂಡು ಕಿತ್ತು ಬಿಸಾಕಿದರೂ ಕೆಲಸ ಮುಗಿಯಲಿಲ್ಲ. ಇಲಿಯ ಉಚ್ಚೆ ರೆಕ್ಕೆಗೆ ಆಕಾರ ಕೊಡುವ ಅಲ್ಯುಮಿನಿಯಂ ಪಕ್ಕೆಲುಬನ್ನೂ, ಅಂದರೆ ರಿಬ್ಬನ್ನೂ ತಿನ್ನುತ್ತದೆ, ಮೈಯ ಚೌಕಟ್ಟಿನ ಉಕ್ಕಿನ ಕೊಳವೆಯನ್ನೂ ತಿನ್ನುತ್ತದೆ. ಗೂಡಿದ್ದ ಜಾಗವನ್ನು ತೊಳೆದು, ಉಜ್ಜಿ, ಟಾರ್ಚ್ ಹಿಡಿದು ನೋಡಿದ ಮೇಲೆಯೇ ಮುಂದಿನ ಮಾತು.

ಇಂಥ ವಿಮಾನ ಬಾಲ ಊರಿಕೊಂಡೇ ನಿಲ್ಲುತ್ತದೆ. ಒಳಗೆ ಸೇರಿದ ನೀರೆಲ್ಲ ಬಾಲದ ಕಡೆಗೇ ಇಳಿಯುವುದರಿಂದ ಅಲ್ಲಿನ ಕೆಳಗಿನ ಕೊಳವೆಗಳಿಗೇ ಮೊದಲು ತುಕ್ಕು, ಎಷ್ಟೋ ಸಲ ಒಳಗಿನಿಂದ. ಹೊರಗೆ ಮಿರಮಿರ ಮಿಂಚುತ್ತಿರುತ್ತದೆ. ಚೂಪು ಮೊನೆಯಿಂದ ಗಟ್ಟಿಯಾಗಿ ಒತ್ತಿ ನೋಡಬೇಕು. ಮೊನೆ ಒಳಗೆ ಹೋಯಿತೋ, ಅಲ್ಲಿರುವುದು ಕೊಳವೆಯಲ್ಲ, ಕೊಳವೆಯ ವೇಷ ಹಾಕಿ ನಿಂತ ಬಣ್ಣ. ಅಷ್ಟುದ್ದ ಕತ್ತರಿಸಿ, 4130 ಅನ್ನುವ ವಿಮಾನದ ಉಕ್ಕಿನ ಹೊಸ ತುಂಡು ಬೆಸೆದು, ಒಳಗೆ ಅಗಸೆ ಎಣ್ಣೆ ಸುರಿದು ಬಸಿದು, ತೂತು ಮುಚ್ಚಬೇಕು. ‘ತಾತ ಇದ್ದಾಗ ಹೀಗೇ ಹಾರುತ್ತಿತ್ತು’ ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಹಾರುತ್ತಿತ್ತು, ನಿಜ. ಆಗ ಕೊಳವೆ ಇತ್ತು.

ಇನ್ನು ಈ ಚೌಕಟ್ಟಿನ ಮೇಲೆ ಚರ್ಮದಂತೆ ಹೊದಿಸುವ ಬಟ್ಟೆ. ಹಿಂದೆ ಹತ್ತಿ ಬಟ್ಟೆ ಹೊದಿಸಿ ಡೋಪ್ ಅನ್ನುವ ವಾರ್ನಿಷ್‌ನಂಥ ಲೇಪ ಬಳಿದು ಬಿಗಿ ಮಾಡುತ್ತಿದ್ದರು. ಈಗ ಪಾಲಿಯೆಸ್ಟರ್, ಅಂಚು ಅಂಟಿಸಿ ಇಸ್ತ್ರಿ ತಿಕ್ಕಿದರೆ ಕುಗ್ಗಿ ಬಿಗಿಯಾಗುತ್ತದೆ. ಎಡವಟ್ಟಿನ ತವರುಮನೆ ಇದೇ. ಮನೆಯ ಇಸ್ತ್ರಿಪೆಟ್ಟಿಗೆಗೆ ಗೊತ್ತಿರುವುದು ರೇಷ್ಮೆ, ಉಣ್ಣೆ, ಹತ್ತಿ. ‘ರೆಕ್ಕೆ’ ಅನ್ನುವ ಗುರುತು ಅದರ ತಿರುಪಿನಲ್ಲಿ ಇಲ್ಲ. ಮೊದಲ ಸುತ್ತು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮೇಲೆ ಹಂತಹಂತವಾಗಿ ಏರಿಸಿ, ಕೊನೆಯದು 175ರ ಸುಮಾರಿನಲ್ಲಿ. ಅದಕ್ಕಿಂತ ಬಿಸಿಯಾದರೆ ಬಟ್ಟೆ ಸಡಿಲಾಗುತ್ತದೆ, ಮತ್ತೆ ಎಷ್ಟು ತಿಕ್ಕಿದರೂ ಬಿಗಿಯಾಗುವುದಿಲ್ಲ. ಕಿತ್ತು ಹೊಸದು ಹಾಕುವುದೊಂದೇ ದಾರಿ. ಹಾಗಾಗಿ ಪೆಟ್ಟಿಗೆಯ ತಳಕ್ಕೆ ಥರ್ಮಾಮೀಟರ್ ಹಿಡಿದು, ತಿರುಪಿನ ಪಕ್ಕದಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು. ಆಮೇಲೆ ಆ ಪೆಟ್ಟಿಗೆಯನ್ನು ಅಂಗಿಗೆ ಕೊಡಕೂಡದು. ಕೊಟ್ಟರೆ ಯಾರೋ ತಿರುಪು ತಿರುಗಿಸಿರುತ್ತಾರೆ, ತಳದಲ್ಲಿದ್ದ ಅಂಟು ಅಂಗಿಗೂ ಹತ್ತಿರುತ್ತದೆ.

ಬಟ್ಟೆಯನ್ನು ರಿಬ್ಬಿಗೆ ಹೊಲಿಯುವುದು ಇಬ್ಬರ ಕೆಲಸ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಈಚೆಯವರು ಉದ್ದ ಸೂಜಿ ತೂರಿಸಿದರೆ ಆಚೆಯವರು ರಿಬ್ಬಿನ ಇನ್ನೊಂದು ಮಗ್ಗುಲಿಂದ ವಾಪಸ್ ಕಳಿಸಬೇಕು. ಮೇಣ ಸವರಿದ ದಾರ, ಹೊಲಿಗೆಗೊಂದು ಗಂಟು. ಗಂಟಿನಿಂದ ಗಂಟಿಗೆ ಎರಡೂವರೆ ಇಂಚಿನಷ್ಟು, ಪ್ರೊಪೆಲ್ಲರಿನ ಗಾಳಿ ಬಡಿಯುವ ಕಡೆ ಇನ್ನೂ ಒತ್ತೊತ್ತಾಗಿ. ಕೊನೆಯ ಮಾತು ಆ ವಿಮಾನದ ಕೈಪಿಡಿಯದ್ದು. ಒಂದು ರಿಬ್ಬು ಮುಗಿಯುವ ಹೊತ್ತಿಗೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿರುತ್ತದೆ. ಅಪಾಯ ಇರುವುದೂ ಆ ಮೌನದಲ್ಲೇ. ಸೂಜಿ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯಂಚಿನ ಹಲಗೆ) ಕೇಬಲ್ಲಿನ ತಪ್ಪು ಬದಿಯಲ್ಲಿ ಹಾದು, ಕೇಬಲ್ಲನ್ನೂ ಸೇರಿಸಿ ಹೊಲಿದಿರುತ್ತದೆ. ಗೊತ್ತಾಗುವುದು ಯಾವಾಗ? ಕೊನೆಯ ಕೋಟು ಒಣಗಿ, ಚಾಲಕ ಹಿಡಿಯುವ ಕಡ್ಡಿಯನ್ನು ಎಡಕ್ಕೆಳೆದಾಗ ರೆಕ್ಕೆಯ ಬಟ್ಟೆಯೂ ಜೊತೆಗೆ ಕುಣಿದಾಗ. ಪ್ರತಿ ರಿಬ್ಬಿಗೂ ಒಮ್ಮೆ ಕೇಬಲ್ ಎಳೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ.

ಹಳೇ ಪದ್ಧತಿಯೇ ಬೇಕು ಅಂತ ಮಳೆ ಹಿಡಿದ ದಿನ ಡೋಪ್ ಬಳಿದರೆ ಗಾಳಿಯ ತೇವ ಅದರೊಳಗೆ ಸೇರಿ ಬಿಳಿ ಬಿಳಿ ಮಚ್ಚೆ ಏಳುತ್ತದೆ. ಅಲ್ಯುಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಕೋಟನ್ನು ಮಾತ್ರ ಯಾರೂ ಬಿಡುವಂತಿಲ್ಲ. ಬಿಸಿಲು ಬಟ್ಟೆಯನ್ನು ತಿನ್ನದಂತೆ ಕಾಯುವುದು ಅದೇ. ರೆಕ್ಕೆಯೊಳಗೆ ಬಲ್ಬು ಹಿಡಿದಾಗ ಹೊರಗೆ ಬೆಳಕು ಕಂಡರೆ ಕೋಟು ಸಾಲದು. ಹೊಳಪಿಗಾಗಿ ಮೇಲೆ ಮೇಲೆ ಬಳಿಯುತ್ತ ಹೋದರೆ ತೂಕ ಏರುತ್ತದೆ. 65 ಅಶ್ವಶಕ್ತಿಯ ಎಂಜಿನ್ನಿಗೆ ನಿಮ್ಮ ಶೋಕಿಯೂ ಹೊರೆಯೇ.

ಜೋಡಣೆಯಲ್ಲಿ ಏಲರಾನ್ ಕೇಬಲ್ ಅದಲುಬದಲಾಗುವುದು ಹಳೇ ಕಾಯಿಲೆ. ಕಡ್ಡಿಯ ತುದಿ ಹಿಡಿದು ಹೆಬ್ಬೆರಳು ಮೇಲೆತ್ತಿ. ಕಡ್ಡಿ ವಾಲಿದಾಗ ಹೆಬ್ಬೆರಳು ಯಾವ ಕಡೆ ಬಾಗುತ್ತದೋ ಆ ಕಡೆಯ ಏಲರಾನ್ ಮೇಲೇಳಬೇಕು. ಕೇಬಲ್ ಬಿಗಿಸುವ ತಿರುಪು, ಅಂದರೆ ಟರ್ನ್‌ಬಕಲ್ಲಿನ ಹೊರಗೆ ಮೂರು ಸುತ್ತಿಗಿಂತ ಹೆಚ್ಚು ತಿರುಪಿನ ಎಳೆ ಕಾಣಬಾರದು, ಬೀಗದ ತಂತಿ ಸುತ್ತಿರಬೇಕು. ಎಲ್ಲ ಮುಗಿದ ಮೇಲೆ ಬಟ್ಟಲಿನಲ್ಲಿ ಒಂದು ವಾಷರ್ ಉಳಿಯಿತೇ? ಅದರ ಮನೆ ಸಿಗುವವರೆಗೆ ಬಿಚ್ಚಿ. ಪರವಾನಗಿ ಇರುವ ಎಂಜಿನಿಯರ್ ಸಹಿ ಹಾಕುವ ಮುಂಚೆ ಕೇಳುವ ಮೊದಲ ಪ್ರಶ್ನೆಯೂ ಅದೇ.

ಕಬ್‌ಗೆ ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಲ್ಲೇ ಎಳೆಯಬೇಕು. ‘ಸ್ವಿಚ್ ಆಫ್ ಇದೆ’ ಅನ್ನುವ ಮಾತನ್ನು ಮನೆಯವರು ಹೇಳಿದರೂ ನಂಬಬಾರದು. ಆಫ್ ಮಾಡಿದಾಗ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಸುಮ್ಮನಿರಿಸುವುದು ಒಂದು ಸಣ್ಣ ತಂತಿ. ಅದು ಕಡಿದಿದ್ದರೆ ಸ್ವಿಚ್ ಬರೀ ಅಲಂಕಾರ. ಚಕ್ರಕ್ಕೆ ಅಡ್ಡಗಟ್ಟೆ, ಬಾಲಕ್ಕೆ ಹಗ್ಗ, ಸೀಟಿನಲ್ಲಿ ವಿಷಯ ಬಲ್ಲವರು. ಬೆರಳು ಸುತ್ತಿ ಹಿಡಿಯದೆ ಅಂಗೈಯಿಂದ ಎಳೆದು, ಎಳೆದ ರಭಸದಲ್ಲೇ ಹಿಂದೆ ಸರಿಯಬೇಕು. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಉಸಿರುಕಟ್ಟಿದರೆ ಸ್ವಿಚ್ ಆಫ್ ಮಾಡಿ, ಎಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಂದಕ್ಕೆ ತಿರುಗಿಸಿ ಹೊರಹಾಕುತ್ತಾರೆ. ಆಮೇಲೆ ಥ್ರಾಟಲ್ ಮುಚ್ಚುವುದನ್ನೇ ಮರೆಯುತ್ತಾರೆ. ಮುಂದಿನ ಎಳೆತಕ್ಕೆ ಎಂಜಿನ್ ಪೂರ್ತಿ ಗಂಟಲಲ್ಲಿ ಗರ್ಜಿಸುತ್ತದೆ. ಹಗ್ಗ ಕಟ್ಟಿರದಿದ್ದರೆ, ಚಾಲಕನಿಲ್ಲದೆಯೂ ತನಗೆ ಹೋಗಲು ಬರುತ್ತದೆ ಅಂತ ವಿಮಾನ ತೋರಿಸಿಕೊಡುತ್ತದೆ.

ಪೆಟ್ರೋಲ್ ಅಳತೆ ಇನ್ನೂ ಸರಳ: ಸುಮಾರು 45 ಲೀಟರಿನ ಟ್ಯಾಂಕಿನಲ್ಲಿ ತೇಲುವ ಬೆಂಡು, ಅದಕ್ಕೆ ಚುಚ್ಚಿ ಮುಚ್ಚಳದಿಂದ ಹೊರಚಾಚಿದ ತಂತಿ. ಹಳೇ ಬೆಂಡಿನ ಅರಗಿನ ಲೇಪವನ್ನು ಎಥನಾಲ್ ಬೆರೆತ ಪೆಟ್ರೋಲ್ ಕರಗಿಸಿದರೆ ಬೆಂಡು ನೆನೆದು ಮುಳುಗುತ್ತದೆ, ತುಂಬಿದ ಟ್ಯಾಂಕು ಖಾಲಿ ಅನ್ನಿಸುತ್ತದೆ. ಇದು ಸಜ್ಜನ ಸುಳ್ಳು. ತಂತಿ ಸೊಟ್ಟಗಾಗಿ ಮೇಲೇ ಸಿಕ್ಕಿಕೊಂಡರೆ ಖಾಲಿ ಟ್ಯಾಂಕು ತುಂಬಿದೆ ಅನ್ನಿಸುತ್ತದೆ. ಆದ್ದರಿಂದ ಹೊರಡುವ ಮುಂಚೆ ಟ್ಯಾಂಕಿಗೆ ಅಳತೆ ಕೋಲು ಇಳಿಸಿ, ಹಾರುವಾಗ ಗಡಿಯಾರ ನೋಡಿ.

ಜೆ-3ರಲ್ಲಿ ಒಬ್ಬರೇ ಹಾರಿಸುವಾಗ ತೂಕ ಸರಿದೂಗಲು ಹಿಂದಿನ ಸೀಟಿನಲ್ಲೇ ಕೂರಬೇಕು. ಇಬ್ಬರಾದಾಗ ಮನೆಯ ಹಿರಿಯರು ಮರ್ಯಾದೆಯ ಜಾಗ ಅಂತ ಮುಂದಿನದನ್ನು ಹಿಡಿಯುತ್ತಾರೆ. ಹಿಂದಿನಿಂದ ಹಾರಿಸುವವರಿಗೆ ಕಾಣುವುದು ಅವರ ಟೋಪಿ. ಪೆಟ್ರೋಲ್ ತೋರಿಸುವ ತಂತಿ ಇರುವುದು ಟೋಪಿಯ ಆಚೆ. ಎಂಜಿನ್ ಸದ್ದಿನಲ್ಲಿ ‘ಎಷ್ಟಿದೆ?’ ಅಂತ ಕಿರುಚಿದರೆ ಹಿರಿಯರು ತಿರುಗದೆಯೇ ಮೂರು ಬೆರಳು ಎತ್ತುತ್ತಾರೆ. ಮೂರು ಇಂಚೋ, ಮೂರು ಗ್ಯಾಲನ್ನೋ, ಮೂರನೇ ಸಲ ಕೇಳಬೇಡ ಅಂತಲೋ, ಇಳಿದ ಮೇಲೆ ಕೇಳಬೇಕು.