ಕುರಿಗಳ ಕೂಗು ಕೇಳಿಸಿದ ಮೇಲೆ
ಇಸ್ರಾಯೇಲಿನ ಮೊದಲ ಅರಸನಾದ ಸೌಲನ ಕುರಿತು ಓದಿದ ಲೇಖನವೊಂದರಲ್ಲಿ, ಅವನು ಅರಸುತನವನ್ನು ಕಳೆದುಕೊಂಡದ್ದು ದೇವರಿಗೆ ತೋರಿದ ಅವಿಧೇಯತೆಯಿಂದ ಎಂದು ಲೇಖಕರು ಬರೆದಿರುವುದು ಸರಿಯೇ. ಆದರೆ ಬೈಬಲಿನ 1 ಸಮುವೇಲ 15ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ತಪ್ಪನ್ನು ತೋರಿಸಿಕೊಟ್ಟಾಗ ಅವನು ನಡೆದುಕೊಂಡ ರೀತಿಯೇ ನನಗೆ ಹೆಚ್ಚು ಕಳವಳ ಹುಟ್ಟಿಸುತ್ತದೆ. ಶತ್ರುಗಳಾದ ಅಮಾಲೇಕ್ಯರನ್ನು ಅವರ ಕುರಿದನಗಳ ಸಮೇತ ಪೂರ್ತಿ ನಾಶಮಾಡಬೇಕೆಂದು ಅವನಿಗೆ ಆಜ್ಞೆಯಾಗಿತ್ತು. ಉಳಿಸಿಕೊಂಡ ಆ ಕುರಿದನಗಳ ಕೂಗು ಪ್ರವಾದಿ ಸಮುವೇಲನ ಕಿವಿಗೆ ಬೀಳುತ್ತಿರುವಾಗಲೇ ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆ ಎನ್ನುತ್ತಾನೆ, ಬಳಿಕ ತಪ್ಪನ್ನು ಜನರ ಮೇಲೆ ಹೊರಿಸುತ್ತಾನೆ, ಯಜ್ಞಕ್ಕಾಗಿ ಉಳಿಸಿದರು ಎಂದು ಭಕ್ತಿಯ ಹೊದಿಕೆಯನ್ನೂ ಹೊದಿಸುತ್ತಾನೆ. ಕೊನೆಗೆ ಪಾಪ ಮಾಡಿದೆನೆಂದು ಒಪ್ಪಿಕೊಂಡಾಗಲೂ ಹಿರಿಯರ ಮುಂದೆ ತನ್ನ ಮರ್ಯಾದೆಯನ್ನು ಉಳಿಸಬೇಕೆಂದು ಬೇಡುತ್ತಾನೆ.

ಸೌಲನ ಬಳಿಕ ಅರಸನಾದ ದಾವೀದನು ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿ, ಊರೀಯನನ್ನು ಕೊಲ್ಲಿಸಿದನು. ಆ ಪಾಪ ಚಿಕ್ಕದೇನಲ್ಲ, ನನ್ನ ಮಟ್ಟಿಗೆ ಸೌಲನದಕ್ಕಿಂತಲೂ ಘೋರವಾದದ್ದು. ಆದರೂ ಪ್ರವಾದಿ ನಾತಾನನು ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳಿ, ಆ ಮನುಷ್ಯನು ನೀನೇ ಎಂದಾಗ ದಾವೀದನು ಕೊಟ್ಟ ಉತ್ತರ, ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ ಎಂಬುದು, ಹೀಬ್ರೂ ಮೂಲದಲ್ಲಿ ಕೇವಲ 2 ಪದಗಳು. ಅದರಲ್ಲಿ ‘ಆದರೆ’ ಎಂಬುದಿಲ್ಲ. (ಮುಂದೆ ಬತ್ಷೆಬೆಯಲ್ಲಿ ಹುಟ್ಟಿದ ಒಬ್ಬ ಮಗನ ಹೆಸರೂ ನಾತಾನ. ಕಾರಣವನ್ನು ಗ್ರಂಥ ಹೇಳುವುದಿಲ್ಲ.)

ನಮ್ಮ ಸಭೆಯ ಕಾಣಿಕೆಯ ಲೆಕ್ಕವನ್ನು ನಾನು ತಡಮಾಡಿದ್ದಕ್ಕೆ ಹಿರಿಯರೊಬ್ಬರು ಬದಿಗೆ ಕರೆದು ಮೆಲ್ಲಗೆ ಕೇಳಿದಾಗ, ನನ್ನ ಬಾಯಿಂದ ಮೊದಲು ಬಂದದ್ದು ಮಳೆ, ಮಗಳ ಪರೀಕ್ಷೆ, ಬ್ಯಾಂಕಿನ ರಜೆ. ಅವರು ಏನನ್ನೂ ಹೇಳದೆ ಕಾದು ನಿಂತರು. ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕವನ್ನು ಅವರ ಮನೆಗೇ ಒಯ್ದು ಕೊಟ್ಟೆ.