ಸತ್ಯಾಂಶ: ಲಕ್ವ ಹೊಡೆದವರ ಬೆರಳಿಗೆ ಸೂಜಿ ಚುಚ್ಚಬೇಡಿ

‘ಲಕ್ವ ಹೊಡೆದವರನ್ನು ಅಲುಗಾಡಿಸಬೇಡಿ, ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು.

ತೊಂದರೆ ಇರುವುದು ಮೆದುಳಿನ ರಕ್ತನಾಳದಲ್ಲಿ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿರುತ್ತದೆ, ಇಲ್ಲವೇ ನಾಳ ಒಡೆದಿರುತ್ತದೆ. ಬೆರಳಿನಿಂದ ನಾಲ್ಕು ಹನಿ ತೆಗೆದರೆ ಎರಡೂ ಬದಲಾಗದು. ಚುಚ್ಚಿದ ಮೇಲೆ ಕೆಲವರು ಚೇತರಿಸಿಕೊಂಡಂತೆ ಕಾಣುವುದುಂಟು. ಅದು ಹೆಪ್ಪು ತಾನಾಗಿಯೇ ಸರಿದ ತಾತ್ಕಾಲಿಕ ಲಕ್ವ. ಮುಂದಿನ ಎರಡು ದಿನಗಳಲ್ಲಿ ದೊಡ್ಡ ಲಕ್ವದ ಅಪಾಯ ಹೆಚ್ಚು, ಅವರನ್ನೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ವ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಮೆದುಳು ಉಳಿಯುತ್ತದೆ. ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು, ನಾಳ ಒಡೆದವರಿಗೆ ಅದೇ ಮದ್ದು ಪ್ರಾಣಾಪಾಯ. ಮನೆಯಲ್ಲಿ ಆಸ್ಪಿರಿನ್ ಕೊಡಬಾರದೆನ್ನುವುದೂ ಇದಕ್ಕೇ.

ಕೊಡಗಿನಲ್ಲಿ ಈ ಸಮಯ ಇನ್ನೂ ಬಿಗಿ. ನಾಪೋಕ್ಲು, ಭಾಗಮಂಡಲ ಕಡೆಯ ತೋಟದ ಮನೆಯಿಂದ ಮುಖ್ಯರಸ್ತೆ ತಲುಪಲೇ ಹೊತ್ತು ಬೇಕು. ಮಡಿಕೇರಿಯಿಂದ ದೊಡ್ಡ ಆಸ್ಪತ್ರೆಗಳಿರುವ ಮೈಸೂರು ಸುಮಾರು 120 ಕಿ.ಮೀ. ಹಾಗಾಗಿ ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಸ್ಕ್ಯಾನ್, ಚುಚ್ಚುಮದ್ದು ಎರಡೂ ಈಗ ಎಲ್ಲಿ ಸಿಗುತ್ತವೆಂದು ಕೇಳಿಯೇ ಹೊರಡಿ. ನೀರು, ಕಾಫಿ ಕೊಡಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಕೊನೆಯ ಬಾರಿ ಸರಿಯಾಗಿದ್ದ ಗಂಟೆಯನ್ನು ಬರೆದಿಡಿ. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ದರೆ ಮಲಗಿದ ಹೊತ್ತನ್ನು ಹೇಳಿ. ದಿನವೂ ನುಂಗುವ ಮಾತ್ರೆಗಳು, ಮುಖ್ಯವಾಗಿ ರಕ್ತ ತೆಳುವಾಗಿಸುವಂಥವು, ಜೊತೆಗಿರಲಿ.