ಜೇನಿನ ಹನಿಗೆ ಕಣ್ಣಿನ ಪೊರೆ ಕರಗುವುದಿಲ್ಲ

‘ಶಿರಸಿಯ ಕಾಡುಜೇನನ್ನು ದಿನಕ್ಕೊಂದು ಹನಿ ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಪೊರೆ ಕಣ್ಣಿನ ಮೇಲೆ ಕಟ್ಟಿದ ಕೊಳೆಯಲ್ಲ. ಪಾಪೆಯ ಹಿಂದಿರುವ ಮಸೂರದ ಪ್ರೋಟೀನುಗಳು, ಬೆಂದ ಮೊಟ್ಟೆಯ ಬಿಳಿಭಾಗದಂತೆ, ಪಾರದರ್ಶಕತೆ ಕಳೆದುಕೊಂಡಿರುತ್ತವೆ. ಹೊರಗೆ ಬಿಟ್ಟ ಜೇನು ಕಣ್ಣೀರಿನೊಡನೆ ಕೆನ್ನೆಗೆ ಇಳಿಯುತ್ತದೆಯೇ ಹೊರತು ಮಸೂರವನ್ನು ತಿಳಿಗೊಳಿಸದು.

ಹಾಗಾದರೆ ‘ನಮ್ಮ ಅಜ್ಜ ಈಗ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಪೊರೆ ಬೆಳೆಯುವಾಗ ಕೆಲವರಲ್ಲಿ ಮಸೂರದ ನಡುಭಾಗ ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಆಗ ಹತ್ತಿರದ ಅಕ್ಷರ ಕೆಲಕಾಲ ನಿಚ್ಚಳವಾಗುತ್ತದೆ, ದೂರದ್ದು ಮಸುಕಾಗುತ್ತದೆ. ಅದೇ ಅಜ್ಜನನ್ನು ಕಾರವಾರದ ಕಡಲತೀರದಲ್ಲಿ ನಿಲ್ಲಿಸಿ ಕೇಳಿ: ಕೂರ್ಮಗಡ ನಡುಗಡ್ಡೆಯ ಅಂಚು ಅವರಿಗೆ ಸ್ಪಷ್ಟವಾಗಿ ಕಾಣಲಿಕ್ಕಿಲ್ಲ. ಗುಣವಾಯಿತೆಂದು ನಂಬಿದ್ದು ರೋಗ ಮುಂದುವರಿದ ಗುರುತು. ಹಳದಿಗಟ್ಟಿದ ಮಸೂರ ನೀಲಿ ಬಣ್ಣವನ್ನೂ ತಡೆಯುತ್ತದೆ. ಬದಲಾವಣೆ ತೀರ ನಿಧಾನವಾದ್ದರಿಂದ, ಲೋಕವೇ ಹೀಗಿದೆ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ನನ್ನ ಆತಂಕ ಬೇರೆಯೇ ಇದೆ. ಮನೆಯ ಜೇನು ಎಷ್ಟೇ ಅಪ್ಪಟವಾದರೂ ಸೋಂಕುರಹಿತವಲ್ಲ. ಅದರಿಂದ ಸೋಂಕು ತಗುಲಿ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಹುಣ್ಣಾಗಿ ಕಲೆ ಉಳಿದರೆ ದೃಷ್ಟಿ ಶಾಶ್ವತವಾಗಿ ಕುಂದಬಹುದು.

ಪೊರೆಗೆ ಇಂದಿಗೂ ಶಸ್ತ್ರಚಿಕಿತ್ಸೆಯೊಂದೇ ಪರಿಹಾರ. ಲಂಡನ್ನಿನಲ್ಲಿ 1949ರಲ್ಲಿ ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕೃತಕ ಮಸೂರ ಅಳವಡಿಸಿದರು. ಈಗ ಅದು ದಿನನಿತ್ಯದ ಚಿಕಿತ್ಸೆ. ಪೊರೆ ‘ಹಣ್ಣಾಗುವ’ ತನಕ ಕಾಯಬೇಕಿಲ್ಲ. ರಾತ್ರಿ ಬಸ್ಸಿನ ದೀಪ ಕಣ್ಣು ಕುಕ್ಕುತ್ತಿದ್ದರೆ, ಎದುರಿನವರ ಮುಖ ಮಂಜಾಗಿದ್ದರೆ ನೇತ್ರತಜ್ಞರಿಗೆ ತೋರಿಸಿ. ಸರ್ಕಾರದ ಅಂಧತ್ವ ನಿವಾರಣಾ ಕಾರ್ಯಕ್ರಮದಡಿ ಈ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.